ರಜೆಯ ಪ್ರವಾಸದಲ್ಲಿ ಹುಷಾರು ತಪ್ಪದಿರಲು: ಬ್ಯಾಗ್ ತುಂಬುವುದರಿಂದ ಮನೆಗೆ ಮರಳುವವರೆಗೆ

ರಜೆ ಸಿಕ್ಕಿತು, ಟಿಕೆಟ್ ಆಯಿತು, ರೂಮೂ ಆಯಿತು. ಹೋದ ಎರಡನೇ ದಿನವೇ ಗಂಟಲು ಕೆರೆತ. ಮೂರನೇ ದಿನ ಹೊಟ್ಟೆ ಕೆಟ್ಟು ರೂಮಿನಲ್ಲೇ ಮಲಗಿದ್ದು. ಇದು ಎಷ್ಟು ಜನಕ್ಕೆ ಆಗಿಲ್ಲ ಹೇಳಿ! ಆಮೇಲೆ ನಾವು ಬೈಯುವುದು ಆ ಊರಿನ ನೀರನ್ನು, ಗಾಳಿಯನ್ನು. ನನ್ನ ಲೆಕ್ಕದಲ್ಲಿ ಅರ್ಧ ಎಡವಟ್ಟು ಹೊರಡುವ ಮುಂಚಿನ ವಾರದಲ್ಲೇ ಆಗಿರುತ್ತದೆ. ಬಾಕಿ ಕೆಲಸ ಮುಗಿಸಲು ನಿದ್ದೆಗೆಟ್ಟಿರುತ್ತೇವೆ. ರಾತ್ರಿ ಒಂದು ಗಂಟೆಗೆ ಬ್ಯಾಗ್ ತುಂಬಿ, ಬೆಳಗಿನ ಜಾವ ಓಡಿರುತ್ತೇವೆ. ಹೋದ ಮೇಲೂ ದಿನಕ್ಕೆ ಐದು ಜಾಗ ನೋಡುವ ಪಟ್ಟಿ ಕೈಯಲ್ಲಿರುತ್ತದೆ. ಆದ್ದರಿಂದ ಇಲ್ಲಿ ಮಾತ್ರೆಗಳಿಗಿಂತ ಬಿಡುವಿನ ಮಾತೇ ಜಾಸ್ತಿ.

ಹಂತ 1: ಒಂದೂವರೆ ತಿಂಗಳು ಮುಂಚೆ

ಬೇರೆ ದೇಶಕ್ಕೆ ಹೋಗುವವರು 4ರಿಂದ 6 ವಾರ ಮುಂಚೆ ವೈದ್ಯರನ್ನು ಕಾಣಬೇಕು. ಲಸಿಕೆ ಹಾಕಿಸಿಕೊಂಡ ದಿನವೇ ರಕ್ಷಣೆ ಬರುವುದಿಲ್ಲ. ಕೆಲವು ಲಸಿಕೆಗಳಿಗೆ ಎರಡು ಮೂರು ಡೋಸ್ ಬೇಕು, ನಡುವೆ ಅಂತರವೂ ಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಂತೂ ಚುಚ್ಚಿಸಿಕೊಂಡ 10 ದಿನದ ನಂತರವೇ ಊರ್ಜಿತವಾಗುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹಾಗಾಗಿ ಹಳೆಯ ಕಾರ್ಡ್ ಇದ್ದರೆ ಬಿಸಾಡಬೇಡಿ. ಮಲೇರಿಯಾ ಇರುವ ಕಡೆಗೆ ಹೋಗುವುದಾದರೆ ತಡೆ ಮಾತ್ರೆ ಬೇಕೇ ಎಂದು ಅದೇ ದಿನ ಕೇಳಿ. ಕೆಲವನ್ನು ಹೊರಡುವ ಮೊದಲೇ ಶುರುಮಾಡಿ, ಬಂದ ಮೇಲೂ ಮುಂದುವರಿಸಬೇಕಾಗುತ್ತದೆ.

ಗರ್ಭಿಣಿಯಾಗಿದ್ದರೆ ವಿಮಾನ ಸಂಸ್ಥೆಯ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ಓದಿ. ಬಹಳಷ್ಟು ಸಂಸ್ಥೆಗಳು 28 ವಾರ ದಾಟಿದ ಮೇಲೆ ವೈದ್ಯರ ಪತ್ರ ಕೇಳುತ್ತವೆ. 36 ವಾರದ ನಂತರ ಹೆಚ್ಚಿನವು ಹತ್ತಿಸಿಕೊಳ್ಳುವುದಿಲ್ಲ. ಅವಳಿ ಮಕ್ಕಳಿದ್ದರೆ ಈ ಗಡುವು ಇನ್ನೂ ಮುಂಚೆ ಬರುತ್ತದೆ.

ಹಲ್ಲಿನ ವಿಷಯವನ್ನು ಯಾರೂ ನೆನೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಚುಳ್ ಎನ್ನುವ ಹಲ್ಲು ಇದ್ದರೆ ಈಗಲೇ ತೋರಿಸಿಬಿಡಿ. ರಜೆಯ ದಿನ, ಗೊತ್ತಿಲ್ಲದ ಊರಿನಲ್ಲಿ ಹಲ್ಲಿನ ಡಾಕ್ಟರನ್ನು ಹುಡುಕುವುದು ಶತ್ರುವಿಗೂ ಬೇಡ.

ಹಂತ 2: ಔಷಧಿ ಚೀಲ ಕೈಯಲ್ಲೇ ಇರಲಿ

ಒಮ್ಮೆ ನಾನು ದಿನಾ ತಗೊಳ್ಳುವ ಮಾತ್ರೆಗಳನ್ನು ದೊಡ್ಡ ಸೂಟ್‌ಕೇಸಿನಲ್ಲಿಟ್ಟು ವಿಮಾನ ಹತ್ತಿದೆ. ನಾನು ತಲುಪಿದೆ, ಸೂಟ್‌ಕೇಸು ತಲುಪಲಿಲ್ಲ. ಅದು ಬಂದದ್ದು ಎರಡು ದಿನ ಕಳೆದು. ಅಷ್ಟರಲ್ಲಿ ಭಾಷೆ ಬಾರದ ಊರಿನ ಔಷಧಿ ಅಂಗಡಿಯಲ್ಲಿ, ಫೋನಿನಲ್ಲಿದ್ದ ಖಾಲಿ ಸ್ಟ್ರಿಪ್‌ನ ಒಂದು ಹಳೇ ಫೋಟೊ ನನ್ನನ್ನು ಉಳಿಸಿತು. ಅವತ್ತಿನಿಂದ ಮೂರು ನಿಯಮ ಬಿಟ್ಟಿಲ್ಲ. ಮಾತ್ರೆಗಳು ಕೈಚೀಲದಲ್ಲೇ ಇರಬೇಕು. ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಜಾಸ್ತಿ ಇರಬೇಕು. ವೈದ್ಯರು ಬರೆದ ಚೀಟಿಯ ಫೋಟೊ ಫೋನಿನಲ್ಲೂ, ಜೊತೆಗೆ ಬರುವವರ ಫೋನಿನಲ್ಲೂ ಇರಬೇಕು. ಔಷಧಿಗೆ ಕಂಪನಿ ಇಟ್ಟ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಆದ್ದರಿಂದ ಔಷಧಿಯ ಮೂಲ ಹೆಸರನ್ನು ಬರೆದಿಟ್ಟುಕೊಳ್ಳಿ. ನಿದ್ದೆಯ ಮಾತ್ರೆ, ಬಲವಾದ ನೋವಿನ ಮಾತ್ರೆಗಳಂಥವಕ್ಕೆ ಕೆಲವು ದೇಶಗಳಲ್ಲಿ ನಿರ್ಬಂಧವಿದೆ. ಅವನ್ನು ಅಂಗಡಿಯ ಮೂಲ ಪ್ಯಾಕಿನಲ್ಲೇ, ಚೀಟಿಯ ಜೊತೆ ಒಯ್ಯಿರಿ.

ಇನ್ಸುಲಿನ್ ತಗೊಳ್ಳುವವರಿಗೆ ಇದು ಇನ್ನೂ ಮುಖ್ಯ. ವಿಮಾನದ ಹೊಟ್ಟೆಯಲ್ಲಿಡುವ ಸಾಮಾನಿನಲ್ಲಿ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬಾರದು.

ಉಳಿದಂತೆ ಚೀಲದಲ್ಲಿ ಇಷ್ಟಿದ್ದರೆ ಸಾಕು:

- ಪ್ಯಾರಾಸಿಟಮಾಲ್, ಒಂದು ಥರ್ಮಾಮೀಟರ್
- ಓಆರ್‌ಎಸ್ ಪೊಟ್ಟಣಗಳು, ಮನೆಯವರಿಗೆ ತಲಾ ನಾಲ್ಕರಂತೆ
- ಪ್ರಯಾಣದ ವಾಂತಿಗೆ ಮಾತ್ರೆ, ಅಲರ್ಜಿಗೆ ಮಾತ್ರೆ
- ಬ್ಯಾಂಡ್‌ಏಡ್, ಹತ್ತಿ, ಗಾಯಕ್ಕೆ ಹಚ್ಚುವ ಮುಲಾಮು
- ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ನಾಲ್ಕೈದು ಮಾಸ್ಕ್

ಪ್ಯಾರಾಸಿಟಮಾಲ್ ಬಗ್ಗೆ ಒಂದು ಎಚ್ಚರಿಕೆ. ನೆಗಡಿಗೆಂದು ಕೊಡುವ ಹಲವು ಮಾತ್ರೆಗಳಲ್ಲೂ ಅದೇ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಗೊತ್ತಿಲ್ಲದೆಯೇ ಮಿತಿ ಮೀರುತ್ತದೆ. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು.

ಹಂತ 3: ಕೊನೆಯ ಮೂರು ದಿನ

ಬ್ಯಾಗನ್ನು ಎರಡು ದಿನ ಮುಂಚೆಯೇ ಮುಚ್ಚಿ. ಹಿಂದಿನ ರಾತ್ರಿ ಚಾರ್ಜರ್, ಬ್ರಷ್ ಬಿಟ್ಟು ಇನ್ನೇನೂ ಉಳಿದಿರಬಾರದು. ಇದು ಶಿಸ್ತಿನ ಮಾತಲ್ಲ, ನಿದ್ದೆಯ ಮಾತು. ನಿದ್ದೆ ಕಡಿಮೆಯಾದವರಿಗೆ ನೆಗಡಿ ಬೇಗ ಹತ್ತುತ್ತದೆ. ಅದೂ ರಜೆಯ ದಿನಗಳಲ್ಲಿ ನಿಲ್ದಾಣಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಪಕ್ಕದಲ್ಲೇ ನಾಲ್ಕು ಜನ ಕೆಮ್ಮುತ್ತಿರುತ್ತಾರೆ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ರಜೆಯ ಮೊದಲ ದಿನ ಹೊರಡಬೇಡಿ. ಒಂದು ದಿನ ಮನೆಯಲ್ಲಿ ಸುಮ್ನೆ ಇದ್ದು ಹೊರಡಿ. ಗುಂಪೂ ಸ್ವಲ್ಪ ತಗ್ಗಿರುತ್ತದೆ, ನೀವೂ ಚೇತರಿಸಿಕೊಂಡಿರುತ್ತೀರಿ. ಒಂದು ದಿನ ಹಾಳಾಯಿತು ಅಂತ ಮನೆಯವರು ಗೊಣಗುತ್ತಾರೆ, ಗೊಣಗಲಿ.

ಹಂತ 4: ಕೂತು ಕೂತು ಹೋಗುವ ಹೊತ್ತು

ಪ್ರಯಾಣದಲ್ಲಿ ದೇಹಕ್ಕೆ ನಿಜವಾಗಿ ಕಷ್ಟ ಕೊಡುವುದು ಅಲ್ಲಾಡದೆ ಕೂರುವುದು. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ, ಕಾಲಿನ ರಕ್ತವನ್ನು ಮೇಲಕ್ಕೆ ದೂಡುತ್ತವೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಆ ಪಂಪು ನಿಂತುಹೋಗುತ್ತದೆ. ಪಾದ ಊದಿ ಬೂಟು ಬಿಗಿಯಾಗುವುದು ಇದರಿಂದಲೇ. ಕೆಲವೊಮ್ಮೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. 4 ಗಂಟೆ ಮೀರಿದ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟು ಆಗುತ್ತದೆ. ಆರೋಗ್ಯವಂತರಲ್ಲಿ ಮೂಲ ಅಪಾಯವೇ ತೀರಾ ಸಣ್ಣದು, ಹೆದರಬೇಕಿಲ್ಲ. ಆದರೆ ಇದು ವಿಮಾನದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಬಸ್ಸು, ಕಾರು, ರೈಲಿಗೂ ಇದೇ ಲೆಕ್ಕ.

ಮಾಡಬೇಕಾದ್ದು ಸುಲಭ. ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳುಗಳನ್ನು ಎತ್ತಿ, ಆಮೇಲೆ ಬೆರಳು ಊರಿ ಹಿಮ್ಮಡಿ ಎತ್ತಿ. ಹೀಗೆ ಇಪ್ಪತ್ತು ಸಲ. ಪಾದವನ್ನು ಎರಡೂ ಕಡೆ ತಿರುಗಿಸಿ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಕಾಲಿನ ಮುಂದೆ ಬ್ಯಾಗ್ ತುರುಕಬೇಡಿ, ಕಾಲಾಡಿಸಲು ಆ ಜಾಗ ಬೇಕು. ಮೊದಲೇ ರಕ್ತ ಹೆಪ್ಪುಗಟ್ಟಿದ್ದವರು, ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು, ಬಾಣಂತಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಅಗತ್ಯವಿದ್ದರೆ ಬಿಗಿ ಸ್ಟಾಕಿಂಗ್ಸ್ ಹಾಕಲು ಅವರೇ ಹೇಳುತ್ತಾರೆ. ಪ್ರಯಾಣದ ನಂತರದ ವಾರಗಳಲ್ಲಿ ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ನೀರಿನ ವಿಷಯದಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ದಾರಿಯಲ್ಲಿ ಒಳ್ಳೆಯ ಶೌಚಾಲಯ ಸಿಗುವುದಿಲ್ಲ ಎಂದು ಬಹಳ ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಸಂಜೆಗೆ ತಲೆನೋವು, ಮರುದಿನ ಉರಿಮೂತ್ರ. ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿ, ಮನೆಯ ಎಲ್ಲರಿಗೂ ಹೇಳಿ. ಎರಡು ಗಂಟೆಗೊಮ್ಮೆ ನಿಲ್ಲಿಸುವುದು ಗ್ಯಾರಂಟಿ ಅಂತ ಗೊತ್ತಿದ್ದರೆ ಯಾರೂ ನೀರು ಬಿಡುವುದಿಲ್ಲ. ಟಿಶ್ಯೂ, ಸಣ್ಣ ಸೋಪು ಕೈಗೆ ಸಿಗುವಂತಿರಲಿ. ಮಲಬದ್ಧತೆಗೂ ಕಾರಣ ಹೆಚ್ಚಾಗಿ ಇದೇ: ನೀರು ಕಡಿಮೆ, ನಡಿಗೆ ಇಲ್ಲ, ಬಂದದ್ದನ್ನು ತಡೆಹಿಡಿಯುವುದು ಬೇರೆ.

ವಿಮಾನದಲ್ಲಿ ಇನ್ನೆರಡು ತೊಂದರೆ ಸೇರಿಕೊಳ್ಳುತ್ತವೆ. ಒಳಗಿನ ಗಾಳಿಯ ಒತ್ತಡ 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇರುತ್ತದೆ. ಆಗ ಹೊಟ್ಟೆಯೊಳಗಿನ ಗಾಳಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಹಾಗಾಗಿ ಹತ್ತುವ ಮೊದಲು ಸೋಡಾ, ಹೊಟ್ಟೆ ಬಿರಿಯುವ ಊಟ ಬೇಡ. ಸೊಂಟದಲ್ಲಿ ಸಡಿಲವಾದ ಬಟ್ಟೆ ಹಾಕಿ. ಇನ್ನೊಂದು, ಆ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಮೂಗು, ಗಂಟಲು, ಕಣ್ಣು ಒಣಗುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು.

ಕಿವಿ ನೋಯುವುದು ಇಳಿಯುವಾಗ ಜಾಸ್ತಿ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ಕೊಳವೆ ತೆರೆಯದಿದ್ದರೆ ಕಿವಿಯ ತಮಟೆ ಒಳಕ್ಕೆ ಎಳೆದಂತಾಗುತ್ತದೆ. ಉಗುಳು ನುಂಗಿದರೆ, ಆಕಳಿಸಿದರೆ, ಏನಾದರೂ ಜಗಿದರೆ ಅದು ತೆರೆಯುತ್ತದೆ. ಆದ್ದರಿಂದ ಇಳಿಯುವಾಗ ನಿದ್ದೆ ಮಾಡಬೇಡಿ. ಕೂಸಿಗೆ ಆ ಹೊತ್ತಿಗೇ ಹಾಲು ಕೊಡಿ. ಮೂಗು ಪೂರ್ತಿ ಕಟ್ಟಿದ್ದರೆ, ಇಳಿಯಲು ಶುರುವಾಗುವ ಅರ್ಧ ಗಂಟೆ ಮುಂಚೆ ಹಾಕುವ ಮೂಗಿನ ಹನಿ ಬಗ್ಗೆ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಹಂತ 5: ತಲೆಸುತ್ತು, ವಾಂತಿ

ಕಣ್ಣು ಒಂದು ಹೇಳುತ್ತದೆ, ಒಳಗಿವಿ ಇನ್ನೊಂದು ಹೇಳುತ್ತದೆ. ಅದರ ಜಗಳ ಹೊಟ್ಟೆಯ ಮೇಲೆ ಬೀಳುತ್ತದೆ. ಫೋನ್ ನೋಡುತ್ತಾ ಕೂತರೆ ಕಣ್ಣಿನ ಪಾಲಿಗೆ ಎಲ್ಲವೂ ನಿಂತಿದೆ, ಕಿವಿಗೆ ಮಾತ್ರ ಪ್ರತಿ ತಿರುವೂ ಗೊತ್ತಾಗುತ್ತಿದೆ. ಪರಿಹಾರವೂ ಅಲ್ಲೇ ಇದೆ. ಫೋನು, ಪುಸ್ತಕ ಕೆಳಗಿಟ್ಟು ದೂರದ ದಿಗಂತ ನೋಡಿ. ಕಾರಿನಲ್ಲಿ ಮುಂದಿನ ಸೀಟು, ಬಸ್ಸಿನಲ್ಲಿ ಚಕ್ರದ ಮೇಲಿಲ್ಲದ ಮುಂದಿನ ಸಾಲು, ವಿಮಾನದಲ್ಲಿ ರೆಕ್ಕೆಯ ಹತ್ತಿರ, ಹಡಗಿನಲ್ಲಿ ನಡುಭಾಗ. ಕುಲುಕಾಟ ಕಡಿಮೆ ಇರುವುದು ಇಲ್ಲೆಲ್ಲ. ತಲೆಯನ್ನು ಸೀಟಿಗೆ ಆನಿಸಿಡಿ, ಕಿಟಕಿ ಸ್ವಲ್ಪ ತೆಗೆಯಿರಿ.

ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲು ತಗೊಳ್ಳಬೇಕು. ಇವುಗಳಲ್ಲಿ ಹೆಚ್ಚಿನವು ಮಂಪರು ತರಿಸುತ್ತವೆ, ಗಾಡಿ ಓಡಿಸುವವರಿಗೆ ಬೇಡವೇ ಬೇಡ. ಶುಂಠಿ ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ. ಈ ತೊಂದರೆ 2ರಿಂದ 12 ವರ್ಷದ ಮಕ್ಕಳಲ್ಲಿ ಜಾಸ್ತಿ. ಅವರಿಗೆ ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಸೀಟಿನ ಜೇಬಿನಲ್ಲಿ ತೂತಿಲ್ಲದ ಎರಡು ಕವರ್ ಇರಲಿ. ತೂತಿದೆಯಾ ಅಂತ ಮೊದಲೇ ನೋಡಿಡಿ, ಅನುಭವದ ಮಾತು.

ಹಂತ 6: ನೀವೇ ಗಾಡಿ ಓಡಿಸುತ್ತಿದ್ದರೆ

ಸತತ 17 ಗಂಟೆ ಎಚ್ಚರವಿದ್ದವರ ಗಮನ, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಅಂದರೆ ಬೆಳಿಗ್ಗೆ ಆರಕ್ಕೆದ್ದು, ದಿನವಿಡೀ ದುಡಿದು, ರಾತ್ರಿ ಹನ್ನೊಂದಕ್ಕೆ ಹೊರಟವರು ಗೇಟು ದಾಟುವಾಗಲೇ ಆ ಸ್ಥಿತಿಯಲ್ಲಿರುತ್ತಾರೆ. ರಾತ್ರಿ ರೋಡು ಖಾಲಿ ಇರುತ್ತದೆ ಎನ್ನುವ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮಲಗಿ ಎದ್ದು ಬೆಳಿಗ್ಗೆ ಹೊರಡಿ.

ಹಾಡು ಹಾಕುವುದು, ಕಿಟಕಿ ತೆಗೆಯುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು, ಇವು ಯಾವುವೂ ನಿದ್ದೆಯನ್ನು ತಡೆಯುವುದಿಲ್ಲ. ರೆಪ್ಪೆ ಭಾರವಾದರೆ, ಈಗ ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಒಂದು ಕಪ್ ಕಾಫಿ ಕುಡಿದು ಕೂಡಲೇ 15-20 ನಿಮಿಷ ಮಲಗಿ. ಕಾಫಿ ತಲೆಗೇರಲು ಸುಮಾರು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡರ ಲಾಭವೂ ಸಿಗುತ್ತದೆ. ಬೆಳಗಿನ ಜಾವ 2ರಿಂದ 6 ಮತ್ತು ಮಧ್ಯಾಹ್ನದ ಊಟದ ನಂತರದ ಎರಡು ಗಂಟೆ ತೂಕಡಿಕೆಯ ಹೊತ್ತು. ಆಗ ಇನ್ನೊಬ್ಬರು ಓಡಿಸಲಿ, ಇಲ್ಲವೇ ಗಾಡಿ ನಿಂತಿರಲಿ.

ಹಂತ 7: ತಲುಪಿದ ದಿನ ಏನೂ ಇಟ್ಟುಕೊಳ್ಳಬೇಡಿ

ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ, ಅಲ್ವಾ? ಇದು ಬರೀ ಮನಸ್ಸಿನ ಆಟ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಕಂಡುಕೊಂಡಂತೆ, ಹೊಸ ಜಾಗದ ಮೊದಲ ರಾತ್ರಿ ಮೆದುಳಿನ ಎಡಭಾಗ ಗಾಢ ನಿದ್ದೆಯಲ್ಲೂ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ. ಸಣ್ಣ ಸದ್ದಿಗೂ ಎದ್ದುಬಿಡುತ್ತೇವೆ. ಮನೆಯ ದಿಂಬಿನ ಕವರ್, ಇಯರ್ ಪ್ಲಗ್, ಕಣ್ಣಿಗೆ ಪಟ್ಟಿ ಒಯ್ದರೆ ಸ್ವಲ್ಪ ಅನುಕೂಲ. ಏನೇ ಮಾಡಿದರೂ ಆ ರಾತ್ರಿ ಅರ್ಧಂಬರ್ಧ ನಿದ್ದೆಯೇ. ಅದಕ್ಕೇ ಮರುದಿನ ಬೆಳಿಗ್ಗೆ ಐದಕ್ಕೆ ಬೆಟ್ಟ ಹತ್ತುವ ಕಾರ್ಯಕ್ರಮ ಬೇಡ ಅನ್ನುವುದು.

ರೂಮಿಗೆ ಹೋದ ತಕ್ಷಣ ಬ್ಯಾಗನ್ನು ಹಾಸಿಗೆಯ ಮೇಲೆ ಎಸೆಯಬೇಡಿ. ಹಾಸಿಗೆಯ ಅಂಚಿನ ಹೊಲಿಗೆಯ ಸಂದುಗಳನ್ನು ಅಗಲಿಸಿ ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆಗಳಿದ್ದರೆ ತಿಗಣೆ ಇರಬಹುದು, ಬೇರೆ ರೂಮು ಕೇಳಿ.

ಗಡಿಯಾರ ಬದಲಾಗುವಷ್ಟು ದೂರ ಹೋಗಿದ್ದರೆ, ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಪೂರ್ವಕ್ಕೆ ಹೋಗುವುದು ಪಶ್ಚಿಮಕ್ಕಿಂತ ಕಷ್ಟ, ಯಾಕೆಂದರೆ ಬೇಗ ಮಲಗು ಎಂದರೆ ದೇಹ ಕೇಳುವುದಿಲ್ಲ. ಪೂರ್ವಕ್ಕೆ ಹೊರಡುವ ಮೂರು ದಿನ ಮೊದಲಿನಿಂದ ದಿನಾ ಅರ್ಧ ಗಂಟೆ ಬೇಗ ಮಲಗಿ ಬೇಗ ಏಳಿ. ನಾಲ್ಕೈದು ಗಂಟೆಯ ವ್ಯತ್ಯಾಸವಾದರೆ ಅಲ್ಲಿ ಬೆಳಗಿನ ಬಿಸಿಲಿನಲ್ಲಿ ಓಡಾಡಿ. ಪಶ್ಚಿಮಕ್ಕೆ ಹೋದರೆ ಸಂಜೆಯ ಬೆಳಕಿನಲ್ಲಿ ಹೊರಗಿರಿ. ಹಗಲು ತಡೆಯಲಾಗದಿದ್ದರೆ 20 ನಿಮಿಷ ಮಲಗಿ, ಅಲಾರಂ ಇಟ್ಟುಕೊಂಡು. ಎರಡು ಮೂರು ದಿನದ ಪ್ರವಾಸವಾದರೆ ಹೊಂದಿಕೊಳ್ಳುವ ಗೋಜಿಗೇ ಹೋಗಬೇಡಿ, ಆದಷ್ಟು ಮನೆಯ ಸಮಯಕ್ಕೇ ಉಂಡು ಮಲಗಿ.

ಹಂತ 8: ಹೊಟ್ಟೆ

ಹೊರಗೆ ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿದ್ದೇ ಅದಕ್ಕೆ! ನೋಡಬೇಕಾದ್ದು ಅಂಗಡಿ ದೊಡ್ಡದೋ ಚಿಕ್ಕದೋ ಎಂದಲ್ಲ, ಆಹಾರ ಬೇಯಿಸಿ ಎಷ್ಟು ಹೊತ್ತಾಯಿತು ಎಂದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು. ಹವೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಆದ್ದರಿಂದ ಕಣ್ಣೆದುರೇ ಬಾಣಲೆಯಿಂದ ತೆಗೆದುಕೊಡುವ ರಸ್ತೆ ಬದಿಯ ಗಾಡಿ, ಬೆಳಗಿನಿಂದ ಉಗುರುಬೆಚ್ಚಗೆ ಇಟ್ಟಿರುವ ದೊಡ್ಡ ಹೋಟೆಲಿನ ಬಫೆಗಿಂತ ಎಷ್ಟೋ ವಾಸಿ. ಗಿರಾಕಿ ಜಾಸ್ತಿ ಇರುವ ಕಡೆ ಆಹಾರ ಬೇಗ ಖರ್ಚಾಗುತ್ತದೆ, ಹಳಸುವುದಿಲ್ಲ. ಹೆಚ್ಚಿಟ್ಟ ಹಣ್ಣು ಬಿಡಿ, ನೀವೇ ಸಿಪ್ಪೆ ಸುಲಿಯುವ ಹಣ್ಣು ತಿನ್ನಿ.

ನೀರಿನ ಮೇಲೆ ನಂಬಿಕೆ ಇಲ್ಲದಿದ್ದರೆ ಕುದಿಸಿ. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಸಾಕು, 2000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ. ಎಲ್ಲರೂ ಬಾಟಲಿ ನೀರೇ ಕುಡಿದು, ಆಮೇಲೆ ಜ್ಯೂಸಿನಲ್ಲಿ ಐಸ್ ಹಾಕಿಸಿಕೊಳ್ಳುತ್ತಾರೆ. ಹೆಪ್ಪುಗಟ್ಟಿದರೆ ರೋಗಾಣು ಸಾಯುವುದಿಲ್ಲ. ಐಸ್ ಕೂಡ ಅದೇ ನಲ್ಲಿಯ ನೀರು.

ಕೈಯನ್ನು ಸೋಪು ಹಾಕಿ 20 ಸೆಕೆಂಡ್ ತೊಳೆಯಿರಿ. ಸ್ಯಾನಿಟೈಸರ್ ಇದಕ್ಕೆ ಪೂರ್ತಿ ಬದಲಿ ಅಲ್ಲ. ಹಡಗು, ಹೋಟೆಲುಗಳಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬುವ, ವಾಂತಿ ಭೇದಿ ತರುವ ನೊರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಇಷ್ಟಾದರೂ ಭೇದಿ ಶುರುವಾಯಿತೇ? ಮೊದಲ ಕೆಲಸ ಅದನ್ನು ನಿಲ್ಲಿಸುವುದಲ್ಲ, ಹೋದ ನೀರನ್ನು ತುಂಬುವುದು. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಯಿರಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ, ಮುಖ್ಯವಾಗಿ ಮಕ್ಕಳಿಗೆ, ಅಪಾಯ. ಹಾಗಾಗಿ ಅಂದಾಜಿನಲ್ಲಿ ಸುರಿಯಬೇಡಿ. ಊಟ ನಿಲ್ಲಿಸಬೇಕಿಲ್ಲ, ಸೇರಿದಷ್ಟು ಮೆತ್ತಗಿನದು ತಿನ್ನಿ. ಕೂಸಿಗೆ ಎದೆಹಾಲು ನಿಲ್ಲಿಸಲೇಬಾರದು. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ದೊಡ್ಡವರು ಬಸ್ಸು ಹತ್ತಲೇಬೇಕಾದಾಗ ತಗೊಳ್ಳಬಹುದು. ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ ಬೇಡ. ವೈದ್ಯರನ್ನು ಕೇಳದೆ ಮಕ್ಕಳಿಗೂ ಬೇಡ. ಆಂಟಿಬಯೋಟಿಕ್ಕನ್ನು ನೀವೇ ಶುರುಮಾಡಬೇಡಿ. ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿ, ಆರೇಳು ಗಂಟೆ ಮೂತ್ರವೇ ಬಾರದಿರುವುದು, ಮಗು ಮಂಕಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ.

ಹಂತ 9: ಬಿಸಿಲು, ಎತ್ತರ, ಚಪ್ಪಲಿ

ಹೊಸ ಬೂಟು ಹಾಕಿಕೊಂಡು ಹೋಗಬೇಡಿ, ಇದಕ್ಕೆ ವಿವರಣೆ ಬೇಕಿಲ್ಲ. ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ನೀರಿಗಿಳಿದು ಬಂದ ಮೇಲೆ ಮತ್ತೆ. ಸ್ಕೂಬಾ ಡೈವಿಂಗ್ ಮಾಡಿದವರು 24 ಗಂಟೆ ಬಿಟ್ಟು ವಿಮಾನ ಹತ್ತಲಿ.

2500 ಮೀಟರಿಗಿಂತ ಎತ್ತರಕ್ಕೆ ಹೋಗುವವರು ಮಾತ್ರ ಇದನ್ನು ನಿಧಾನವಾಗಿ ಓದಿ. ಒಂದೇ ದಿನದಲ್ಲಿ ಅಷ್ಟು ಎತ್ತರಕ್ಕೇರಿ ಮಲಗಿದರೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. 3000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಕಳೆಯಿರಿ. ತಲೆನೋವು ಇರುವಾಗ ಮತ್ತೆ ಮೇಲೇರಬಾರದು. ನಡೆಯುವಾಗ ತೂರಾಡಿದರೆ, ಮಾತು ತಡಬಡಾಯಿಸಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಿ. ಗಟ್ಟಿಮುಟ್ಟಾದ ಹುಡುಗರಿಗೇನೂ ಆಗುವುದಿಲ್ಲ ಎಂಬುದು ಸುಳ್ಳು. ವ್ಯಾಯಾಮ ಮಾಡುವ ದೇಹಕ್ಕೂ ಇದು ಬರುತ್ತದೆ.

ಹಂತ 10: ಮರಳಿದ ಮೇಲೆ

ಭಾನುವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಓಡುವ ಟಿಕೆಟ್ ತೆಗೆಯಬೇಡಿ. ಹೊರಡುವಾಗ ಇಟ್ಟುಕೊಂಡಂತೆ ಬಂದ ಮೇಲೂ ಒಂದು ದಿನ ಖಾಲಿ ಇಡಿ. ಬಟ್ಟೆ ಒಗೆಯಲು, ನಿದ್ದೆ ತೀರಿಸಲು ಅದು ಬೇಕೇ ಬೇಕು. ಹೊಟ್ಟೆ ಎರಡು ವಾರವಾದರೂ ಸರಿಹೋಗದಿದ್ದರೆ ಪರೀಕ್ಷೆ ಮಾಡಿಸಿ.

ಮಲೇರಿಯಾ ಇರುವ ಕಡೆಗೆ ಹೋಗಿ ಬಂದವರಿಗೆ ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಸೊಳ್ಳೆ ಕಚ್ಚಿದ ಒಂದು ವಾರದ ನಂತರ ಯಾವಾಗ ಬೇಕಾದರೂ ಅದು ಶುರುವಾಗಬಹುದು, ಕೆಲವು ಬಗೆಯದು ತಿಂಗಳುಗಟ್ಟಲೆ ಒಳಗೇ ಅಡಗಿದ್ದು ಏಳುತ್ತದೆ. ಎಲ್ಲಿಗೆ, ಯಾವಾಗ ಹೋಗಿದ್ದಿರಿ ಎಂದು ವೈದ್ಯರು ಕೇಳುವ ಮೊದಲೇ ಹೇಳಿ. ಮುಂದಿನ ಒಂದು ವರ್ಷ ಜ್ವರ ಬಂದಾಗಲೆಲ್ಲ ಇದು ನೆನಪಿರಲಿ.

ಬ್ಯಾಗ್ ಬಿಚ್ಚುವಾಗ ಔಷಧಿ ಚೀಲವನ್ನೂ ಬಿಚ್ಚಿ. ಮುಗಿದದ್ದನ್ನು ಆ ವಾರವೇ ತಂದು ತುಂಬಿ, ಯಾವ ಮಾತ್ರೆಯ ಅವಧಿ ಎಂದಿಗೆ ಮುಗಿಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಚೀಲದ ಮೇಲೆ ಅಂಟಿಸಿಡಿ.